ದೆವ್ವ ಬಿಡಿ, ಫೋನ್ ಬಿಲ್ ಹುಡುಕಿ

ಅಮೆರಿಕದ ಭಯಾನಕ ಕಥೆಗಳ ಕಾದಂಬರಿಕಾರ ಸ್ಟೀಫನ್ ಕಿಂಗ್ ಅವರ ಜೀವನಚರಿತ್ರೆಯನ್ನು ಅವರ ಅಪ್ಪಣೆ ಇಲ್ಲದೆ ಬರೆಯಹೊರಟವರಿಗೆ ಮೊದಲ ಪೆಟ್ಟು ವಕೀಲರಿಂದ ಬೀಳುವುದಿಲ್ಲ, ಕಥಾನಾಯಕರಿಂದಲೇ ಬೀಳುತ್ತದೆ. ಅರ್ಧ ಶತಮಾನ ಲೋಕವನ್ನು ಹೆದರಿಸಿದವರ ಬದುಕಿನಲ್ಲಿ ಲೆಕ್ಕಕ್ಕೊಂದಾದರೂ ದೆವ್ವ ಬೇಡವೇ? ಇಲ್ಲ. ಇರುವುದು ಕಟ್ಟಾದ ಫೋನು, ಲಾಂಡ್ರಿಯ ಕೊಳೆಬಟ್ಟೆ, ಕಸದ ಬುಟ್ಟಿ ಮತ್ತು ಒಂದು ಹೇರ್ ಡ್ರೈಯರ್. ಕಿಂಗ್‌ಗೆ ಎರಡು ವರ್ಷವಿದ್ದಾಗ ಅಪ್ಪ ಸಿಗರೇಟು ತರುತ್ತೇನೆಂದು ಹೋದವರು ವಾಪಸು ಬರಲಿಲ್ಲ. ಇಡೀ ಚರಿತ್ರೆಯಲ್ಲಿ ಮಾಯವಾದವರು ಅವರೊಬ್ಬರೇ. ಅದಕ್ಕೂ ಯಾವ ಮಂತ್ರತಂತ್ರದ ನೆರವು ಬೇಕಾಗಲಿಲ್ಲ.

ಎರಡನೆಯ ಪೆಟ್ಟು ಇನ್ನೂ ಜೋರು. ನೀವು ಕಷ್ಟಪಟ್ಟು ಅಗೆದು ತೆಗೆಯಬೇಕೆಂದಿದ್ದ ಕಥೆಗಳನ್ನೆಲ್ಲ ಆ ಪುಣ್ಯಾತ್ಮರು ತಾವೇ ಹೇಳಿ ಮುಗಿಸಿದ್ದಾರೆ. 2000ದಲ್ಲಿ ಬರವಣಿಗೆಯ ಕಸುಬಿನ ಬಗ್ಗೆ ಬರೆದ ಪುಸ್ತಕದಲ್ಲಿ ಬಾಲ್ಯ, ಬಡತನ, ಕುಡಿತ, ಅಪಘಾತ ಒಂದನ್ನೂ ಉಳಿಸಿಲ್ಲ. ಪತ್ರಿಕೆಗಳಿಂದ ಬಂದ ತಿರಸ್ಕಾರದ ಚೀಟಿಗಳನ್ನು ಹುಡುಗ ಗೋಡೆಯ ಮೊಳೆಗೆ ಚುಚ್ಚುತ್ತಿದ್ದ, ಹದಿನಾಲ್ಕು ತುಂಬುವ ಹೊತ್ತಿಗೆ ಮೊಳೆ ಭಾರ ತಡೆಯದಾಯಿತು, ಇನ್ನೂ ದೊಡ್ಡ ಮೊಳೆ ಹೊಡೆದ ಎಂಬ ಸಂಗತಿ ಅಲ್ಲಿಯದೇ. ಇದನ್ನು ನೀವು ಬಳಸಬಹುದೇ? ಧಾರಾಳವಾಗಿ. ಅಮೆರಿಕದ ಕಾನೂನಿನಲ್ಲಿ ನಡೆದ ಸಂಗತಿಗೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಹೇಳಿದ ಮಾತಿಗೆ ಇದೆ. ಮೊಳೆ ಎಲ್ಲರದು, ವಾಕ್ಯ ಅವರದು. ತೊಂದರೆ ಏನೆಂದರೆ ಆ ವಾಕ್ಯವನ್ನು ಓದಿದ ಮೇಲೆ ನಿಮ್ಮದು ಬರೆದರೆ ಮೊಳೆ ಮೊಂಡಾಗಿ ಕಾಣುತ್ತದೆ.

ಸರಿ, ಯಾರೂ ನೋಡದ ಹಳೆಯ ಪತ್ರಗಳನ್ನಾದರೂ ಹಿಡಿಯೋಣ ಎಂದುಕೊಂಡರೆ ಅಲ್ಲಿ ದೊಡ್ಡ ಹೊಂಡವಿದೆ. ಪತ್ರ ಪಡೆದವರಿಗೆ ಸೇರುವುದು ಕಾಗದ ಮಾತ್ರ; ಅದರೊಳಗಿನ ಮಾತು ಬರೆದವರ ಆಸ್ತಿ. ಹಳೆಯ ಸ್ನೇಹಿತ ಪ್ರೀತಿಯಿಂದ ಪೆಟ್ಟಿಗೆ ತೆಗೆದುಕೊಟ್ಟ ಮಾತ್ರಕ್ಕೆ ಅಚ್ಚು ಹಾಕುವ ಹಕ್ಕು ಬರುವುದಿಲ್ಲ. ಕಾದಂಬರಿಕಾರ ಸ್ಯಾಲಿಂಜರ್ ತಮ್ಮ ಅನಧಿಕೃತ ಚರಿತ್ರಕಾರನ ಮೇಲೆ ಹೂಡಿದ ಮೊಕದ್ದಮೆಯಲ್ಲಿ 1987ರಲ್ಲಿ ಮೇಲ್ಮನವಿ ನ್ಯಾಯಾಲಯ ಇನ್ನೂ ಮುಂದೆ ಹೋಯಿತು: ಉದ್ಧರಣ ಚಿಹ್ನೆ ತೆಗೆದು ನಾಲ್ಕು ಪದ ಆಚೀಚೆ ಮಾಡಿದರೂ ಅದು ಅವರ ಮಾತೇ. ಪುಸ್ತಕ ತಡೆಬಿತ್ತು, ಬರೆದವರು ಅದನ್ನು ಮತ್ತೆ ಬೇರೆ ರೂಪದಲ್ಲಿ ಬರೆಯಬೇಕಾಯಿತು. 1992ರಲ್ಲಿ ಕಾನೂನಿಗೆ ತಿದ್ದುಪಡಿ ಬಂದು, ಅಪ್ರಕಟಿತ ಎಂಬ ಒಂದೇ ಕಾರಣಕ್ಕೆ ನ್ಯಾಯಯುತ ಬಳಕೆಯನ್ನು, ಅಂದರೆ ಅಪ್ಪಣೆ ಇಲ್ಲದೆಯೂ ಮಿತವಾಗಿ ಉದ್ಧರಿಸುವ ಅವಕಾಶವನ್ನು, ತಳ್ಳಿಹಾಕುವಂತಿಲ್ಲ ಎಂದಾಯಿತು, ನಿಜ. ಆದರೆ ನ್ಯಾಯಯುತ ಬಳಕೆ ಎಷ್ಟು ಸಾಲಿಗೆ ಮುಗಿಯುತ್ತದೆ ಎಂದು ಯಾವ ಕಾನೂನೂ ಅಳತೆಪಟ್ಟಿ ಇಟ್ಟು ಹೇಳಿಲ್ಲ. ಆದ್ದರಿಂದ ಪತ್ರ ಓದಿ, ಮಡಚಿಟ್ಟು, ಮರುದಿನ ನೆನಪಿನಲ್ಲಿ ಉಳಿದ ಸಂಗತಿಯನ್ನಷ್ಟೇ ಬರೆಯುವುದು ಕ್ಷೇಮ.

ಮಾನಹಾನಿಯ ಭಯ ಅಷ್ಟಿಲ್ಲ. 1964ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬೆಳೆದುಬಂದ ನಿಯಮದಂತೆ, ಪ್ರಸಿದ್ಧರು ಗೆಲ್ಲಬೇಕಾದರೆ ನೀವು ಸುಳ್ಳೆಂದು ಗೊತ್ತಿದ್ದೇ ಬರೆದಿರಿ, ಇಲ್ಲವೇ ನಿಜ ಏನಾದರಾಗಲಿ ಎಂದು ಬರೆದಿರಿ ಎಂದು ತೋರಿಸಬೇಕು. ಯಾರು, ಯಾವ ದಿನ, ಏನು ಹೇಳಿದರು ಎಂಬ ಟಿಪ್ಪಣಿಯನ್ನು ಜೋಪಾನ ಮಾಡಿದರೆ ಸಾಕು.

ನಿಜವಾಗಿ ಕೈಕೊಡುವುದು ತಾರೀಖು. ಅವರ ಮೊದಲು ಪ್ರಕಟವಾದ ಕಾದಂಬರಿ ‘ಕ್ಯಾರಿ’ಯ ಪ್ರಸಂಗವನ್ನೇ ನೋಡಿ. ಕಿಂಗ್ ಆಗ ಮೇಷ್ಟರು, ಸಂಬಳ ವರ್ಷಕ್ಕೆ 6,400 ಡಾಲರ್, ವಾಸ ಮೇನ್ ರಾಜ್ಯದ ಹರ್ಮನ್ ಎಂಬಲ್ಲಿ ಟ್ರೇಲರ್ ಮನೆಯಲ್ಲಿ. ಮೊದಲ ಮೂರು ಹಾಳೆ ಬರೆದು, ಸರಿಯಿಲ್ಲವೆಂದು ಮುದುಡಿ ಬುಟ್ಟಿಗೆ ಎಸೆದರು. ಹೆಂಡತಿ ಟ್ಯಾಬಿಥಾ ಸಿಗರೇಟಿನ ಬೂದಿ ಕೊಡವಿ ಹಾಳೆ ಬಿಡಿಸಿ ಓದಿ, ಮುಂದುವರಿಸಿ ಅಂದರು. ಅವಸರದ ಚರಿತ್ರಕಾರ ಇಲ್ಲಿ ಇಡೀ ಹಸ್ತಪ್ರತಿಯನ್ನೇ ಬುಟ್ಟಿಯಿಂದ ಎತ್ತಿಸುತ್ತಾನೆ. ಅಷ್ಟು ಹಿಡಿಸಲು ಬುಟ್ಟಿ ಅಲ್ಲ, ಹಗೇವು ಬೇಕು.

ಇನ್ನು ಫೋನು. ಪುಸ್ತಕ ಸ್ವೀಕಾರವಾದ ಸುದ್ದಿ ಟೆಲಿಗ್ರಾಮಿನಲ್ಲಿ ಬಂತು, ಏಕೆಂದರೆ ದುಡ್ಡು ಉಳಿಸಲು ಮನೆಯ ಫೋನ್ ತೆಗೆಸಿದ್ದರು. ಮುಂಗಡ 2,500 ಡಾಲರ್. ಅದೇ 1973ರ ಮೇ ತಿಂಗಳ ಒಂದು ಭಾನುವಾರ, ಅಗ್ಗದ ಮುದ್ರಣದ ಹಕ್ಕು 4,00,000 ಡಾಲರಿಗೆ ಹೋಯಿತೆಂದು ಸಂಪಾದಕರು ಹೇಳಿದ್ದು ಫೋನಿನಲ್ಲಿ! ಫೋನಿಲ್ಲದ ಮನೆಗೆ ಫೋನ್ ಹೇಗೆ ಬಂತೆಂದು ತಲೆ ಕೆರೆದುಕೊಂಡು ಇದರಲ್ಲೊಂದು ಕಟ್ಟುಕಥೆ ಎಂದು ತೀರ್ಮಾನಿಸುವವರುಂಟು. ನಡುವೆ ಸಂಸಾರ ಬ್ಯಾಂಗರ್ ಊರಿನ ಬಾಡಿಗೆ ಮನೆಗೆ ಬಂದಿತ್ತು, ಅಷ್ಟೇ. ಕಿಂಗ್ ಅದನ್ನು ಮೊದಲು ನಲವತ್ತು ಸಾವಿರ ಎಂದು ತಿಳಿದರು. ಸೊನ್ನೆ ಎಷ್ಟೆಂದು ಮತ್ತೆ ಕೇಳಬೇಕಾಯಿತು. ಒಪ್ಪಂದದಂತೆ ಅರ್ಧ ಪ್ರಕಾಶಕರಿಗೆ. ಹೆಂಡತಿಗೆ ಏನಾದರೂ ಭಾರಿ ಉಡುಗೊರೆ ತರೋಣವೆಂದು ಹೊರಟರೆ ಭಾನುವಾರ, ತೆರೆದಿದ್ದದ್ದು ಔಷಧದಂಗಡಿ ಒಂದೇ. ಹೇರ್ ಡ್ರೈಯರ್ ಬಂದದ್ದು ಹಾಗೆ. ಇಂಥದನ್ನು ಯಾವ ಕಲ್ಪನೆಯೂ ಕೊಡಲಾರದು, ಕ್ಯಾಲೆಂಡರ್ ಮಾತ್ರ ಕೊಡುತ್ತದೆ.

ಕಚೇರಿಯ ದಫ್ತರುಗಳ ಬೆಲೆ ತಿಳಿಯಬೇಕಾದರೆ ರಿಚರ್ಡ್ ಬಾಕ್‌ಮನ್ ಕಡೆ ತಿರುಗಬೇಕು. 1977ರಿಂದ ಕಿಂಗ್ ಆ ಹೆಸರಿನಲ್ಲಿ ಬೇರೆ ಕಾದಂಬರಿಗಳನ್ನೂ ಬರೆಯುತ್ತಿದ್ದರು. ಗುಟ್ಟು ಮುಚ್ಚಲು ಮಾಡಿದ ಏರ್ಪಾಟು ಸಣ್ಣದಲ್ಲ: ಬಾಕ್‌ಮನ್‌ಗೊಬ್ಬ ಹೆಂಡತಿ, ಹಿಂಬದಿ ರಕ್ಷಾಪುಟಕ್ಕೊಂದು ಫೋಟೊ. ಫೋಟೊದಲ್ಲಿದ್ದವರು ಕಿಂಗ್ ಅವರ ಪುಸ್ತಕ ವ್ಯವಹಾರ ನೋಡುತ್ತಿದ್ದ ಏಜೆಂಟರಿಗೆ ಗೊತ್ತಿದ್ದ ಒಬ್ಬ ವಿಮಾ ಏಜೆಂಟರು. ಇಷ್ಟೆಲ್ಲ ಮಾಡಿದವರು ಒಂದು ಅರ್ಜಿಯನ್ನು ಮರೆತರು. ವಾಷಿಂಗ್ಟನ್ನಿನ ಪುಸ್ತಕದಂಗಡಿಯ ಗುಮಾಸ್ತರೊಬ್ಬರು ಶೈಲಿ ನೋಡಿ ಅನುಮಾನಪಟ್ಟು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಹೋಗಿ ಹಕ್ಕುಸ್ವಾಮ್ಯದ ನೋಂದಣಿ ತೆಗೆಸಿದರು. ಉಳಿದವು ಏಜೆಂಟರ ಹೆಸರಿನಲ್ಲಿ, ಮೊದಲ ಪುಸ್ತಕದ್ದು ಮಾತ್ರ ಸಾಕ್ಷಾತ್ ಕಿಂಗ್ ಹೆಸರಿನಲ್ಲಿ! ಗುಮಾಸ್ತರು ಪತ್ರ ಬರೆದರು, ಕಿಂಗ್ ತಾವೇ ಅಂಗಡಿಗೆ ಫೋನ್ ಮಾಡಿದರು. 1985ರಲ್ಲಿ ಬಾಕ್‌ಮನ್ ‘ಕಾವ್ಯನಾಮದ ಕ್ಯಾನ್ಸರ್’ನಿಂದ ತೀರಿಕೊಂಡರೆಂದು ಘೋಷಣೆಯಾಯಿತು. ಬಾಕ್‌ಮನ್ ಹೆಸರಿನಲ್ಲಿ 28,000 ಪ್ರತಿ ಮಾರಾಟವಾಗಿದ್ದ ‘ಥಿನ್ನರ್’ ಕಾದಂಬರಿ, ಕಿಂಗ್ ಹೆಸರು ಬಂದಮೇಲೆ ಅದರ ಹತ್ತುಪಟ್ಟು ಹೋಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಸತ್ತ ಮೇಲೆ ಇಷ್ಟು ಗಳಿಸಿದ ಸಂಸಾರಸ್ಥರು ಕಡಿಮೆ.

ಇಷ್ಟೆಲ್ಲ ತಾಪತ್ರಯದ ನಡುವೆ, ಅಪ್ಪಣೆ ಸಿಕ್ಕಿ ಎದುರಿಗೇ ಕೂತು ಕೇಳುವಂತಿದ್ದರೆ ಎಂದು ಆಸೆಯಾಗುವುದು ಸಹಜ. ಕೇಳಿ ಏನು ಮಾಡುತ್ತೀರಿ? 1981ರ ‘ಕೂಜೋ’ ಕಾದಂಬರಿ ಬರೆದದ್ದೇ ತಮಗೆ ಸರಿಯಾಗಿ ನೆನಪಿಲ್ಲ, ಅಷ್ಟು ಕುಡಿಯುತ್ತಿದ್ದೆ ಎನ್ನುತ್ತಾರೆ. ನೆನಪಿದ್ದದ್ದನ್ನು ಹೇಳಿದರೂ ಜನ ಒಪ್ಪಬೇಕಲ್ಲ. ಫ್ಲಾರಿಡಾದ ಸೂಪರ್ ಮಾರ್ಕೆಟ್ಟಿನಲ್ಲಿ ಒಬ್ಬ ಅಜ್ಜಿ ಅವರನ್ನು ಗುರುತಿಸಿ, ನಿಮ್ಮ ದೆವ್ವಭೂತ ನನಗಾಗದು, ‘ಶಾಶಾಂಕ್ ರಿಡೆಂಪ್ಶನ್’ ಸಿನಿಮಾ ಥರದ ಒಳ್ಳೆಯದು ಬೇಕು ಅಂದರಂತೆ. ಅದರ ಕಥೆ ನನ್ನದೇ ಅಂದರು ಕಿಂಗ್. ಅಲ್ಲವೇ ಅಲ್ಲ ಎಂದು ಅಜ್ಜಿ ಮುಂದೆ ನಡೆದರಂತೆ.

2007ರಲ್ಲಿ ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಆದದ್ದು ಇನ್ನೂ ಚೆನ್ನ. ಹೇಳದೆ ಕೇಳದೆ ಪುಸ್ತಕದಂಗಡಿಗೆ ನುಗ್ಗಿ ತಮ್ಮದೇ ಪುಸ್ತಕಗಳನ್ನು ತೆಗೆದು ಆರು ಪ್ರತಿಗೆ ಸಹಿ ಹಾಕಿದರು. ಯಾರೋ ಪುಸ್ತಕಗಳಲ್ಲಿ ಗೀಚುತ್ತಿದ್ದಾನೆ ಎಂದು ಗಿರಾಕಿಯೊಬ್ಬರು ದೂರು ಕೊಟ್ಟರು. ಆ ಕಪಾಟಿನಲ್ಲಿ ನಿಮ್ಮ ಪುಸ್ತಕವೂ ಇದ್ದಿದ್ದರೆ, ಗೀಚದೆ ಉಳಿಯುತ್ತಿದ್ದದ್ದು ಅದೊಂದೇ.