ಜರ್ಮನ್ ಕೇಳುವಾಗ ಇಂಗ್ಲಿಷನ್ನು ಸ್ವಲ್ಪ ಬದಿಗಿಡಿ

ಮಂಗಳೂರು, ಉಡುಪಿಯಲ್ಲಿ ಈಗ ಜರ್ಮನ್ ಕಲಿಯುವವರಿಗೆ ಬರವಿಲ್ಲ. ನರ್ಸಿಂಗ್ ಮುಗಿಸಿದವರು, ಎಂ.ಎಸ್. ಮಾಡಲು ಹೊರಟವರು, ಗಂಡನೋ ಹೆಂಡತಿಯೋ ಜರ್ಮನಿಯಲ್ಲಿದ್ದು ವೀಸಾಕ್ಕೆ ಎ1, ಅಂದರೆ ಭಾಷೆಯ ಮೊದಲ ಹಂತದ ಪರೀಕ್ಷೆ ಬೇಕಾದವರು. ಹೆಚ್ಚಿನವರ ಆರಂಭ ಫೋನಿನ ಆಡಿಯೋ ಪಾಠದಿಂದಲೇ. ಒಳ್ಳೆಯದೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯವರ ಹತ್ತಿರ ಕೊಂಕಣಿಯೋ ಬ್ಯಾರಿಯೋ ಮಾತಾಡಿ ಬೆಳೆದವರು ಅವನ್ನೆಲ್ಲ ಯಾವ ವ್ಯಾಕರಣ ಪುಸ್ತಕ ನೋಡಿ ಕಲಿತದ್ದು? ಕಿವಿಯಲ್ಲೇ ತಾನೆ.

ನನ್ನ ತಕರಾರು ಒಂದೇ. ಈ ಪಾಠಗಳಲ್ಲಿ ವಿವರಣೆ ಇರುವುದು ಇಂಗ್ಲಿಷಿನಲ್ಲಿ, ಇಂಗ್ಲಿಷ್ ಕಿವಿಗೆ ಯಾವುದು ಕಷ್ಟವೋ ಅದನ್ನೇ ಅವು ಕಷ್ಟ ಎನ್ನುತ್ತವೆ. ನಮಗೆ ಸಲೀಸಾದ ಜಾಗದಲ್ಲಿ ಎಳೆದಾಡುತ್ತವೆ, ನಾವು ಎಡವುವ ಜಾಗವನ್ನು ಸುಮ್ಮನೆ ದಾಟಿಬಿಡುತ್ತವೆ.

ಹ್ರಸ್ವ-ದೀರ್ಘವನ್ನೇ ತೆಗೆದುಕೊಳ್ಳಿ. ಜರ್ಮನ್‌ನಲ್ಲಿ ಓಫೆನ್ ಎಂದರೆ ಒಲೆ, ಒಫೆನ್ ಎಂದರೆ ತೆರೆದದ್ದು. ಶ್ಟಾಟ್ ದೇಶ, ಶ್ಟಟ್ ಪಟ್ಟಣ. ಕೊಡು, ಕೋಡು ಎರಡನ್ನೂ ಬೇರೆ ಮಾಡಬಲ್ಲವರಿಗೆ ಇದಕ್ಕೆ ಪ್ರತ್ಯೇಕ ಪಾಠವೇ ಬೇಡ. ಎಡವುವುದು ಒತ್ತಕ್ಷರದಲ್ಲಿ. ಬರಹದಲ್ಲಿ ಎರಡು ಟಿ, ಎರಡು ಎಂ ಕಂಡ ಕೂಡಲೇ ನಾವು ಬಿಟ್ಟೆ (ದಯವಿಟ್ಟು), ಕೊಮ್ಮೆನ್ (ಬರು) ಎಂದು ಒತ್ತಿ ಹೇಳುತ್ತೇವೆ. ಅಲ್ಲಿ ಜೋಡಿ ವ್ಯಂಜನದ ಕೆಲಸ ಹಿಂದಿನ ಸ್ವರ ಹ್ರಸ್ವ ಎಂದು ತೋರಿಸುವುದು ಮಾತ್ರ, ಉಚ್ಚಾರ ಬಿಟೆ, ಕೊಮೆನ್. 1894ರಲ್ಲಿ ನಿಘಂಟು ಕೊಟ್ಟವರನ್ನು ನಾವು ಕಿಟ್ಟೆಲ್ ಎನ್ನುತ್ತೇವಲ್ಲ, ಅವರ ಊರಿನವರ ಬಾಯಲ್ಲಿ ಅದು ಕಿಟೆಲ್. 1843ರಲ್ಲಿ ಮಂಗಳೂರು ಸಮಾಚಾರ ಶುರು ಮಾಡಿದ ಮೋಗ್ಲಿಂಗ್ ಹೆಸರಿನ ಮೊದಲ ಸ್ವರವೂ ನಮ್ಮ ‘ಓ’ ಅಲ್ಲ. ನಾಲಗೆಯನ್ನು ಏ ಹೇಳುವ ಜಾಗದಲ್ಲೇ ಇಟ್ಟು, ತುಟಿಯನ್ನು ಮಾತ್ರ ಓ ಹೇಳುವಂತೆ ಉರುಟು ಮಾಡಬೇಕು. ಹಾಗೆಯೇ ಈ ಹೇಳುತ್ತಾ ತುಟಿಯನ್ನು ಊ ಮಾಡಿದರೆ ಇನ್ನೊಂದು ಸ್ವರ ಸಿಗುತ್ತದೆ. ಕನ್ನಡಿ ಮುಂದೆ ನಿಂತು ಮಾಡಿ, ನಾಲಗೆ ಹಿಂದಕ್ಕೆ ಸರಿದರೆ ಕೆಟ್ಟಿತು. ಇವನ್ನು ಯೋ, ಯೂ ಎಂದು ಬರೆದುಕೊಂಡವರ ಉಚ್ಚಾರ ಕೊನೆಯವರೆಗೂ ಹಾಗೆಯೇ ಉಳಿಯುತ್ತದೆ.

ಪದದ ಕೊನೆಗೆ ಉಕಾರ ಸೇರಿಸುವ ಅಭ್ಯಾಸವೂ ನಮ್ಮದೇ. ಗೂಟ್ (ಒಳ್ಳೆಯ), ಟಾಗ್ (ದಿನ) ನಮ್ಮ ಬಾಯಲ್ಲಿ ಗೂಟು, ಟಾಗು ಆಗಿಬಿಡುತ್ತದೆ. ಜರ್ಮನ್ ಪದ ವ್ಯಂಜನದಲ್ಲಿ ಫಕ್ಕನೆ ನಿಲ್ಲುತ್ತದೆ, ಅಲ್ಲಿ ಬ, ಡ, ಗ ಇದ್ದರೆ ಪ್, ಟ್, ಕ್ ಆಗುತ್ತದೆ. ಬರೆಯುವುದು ಟಾಗ್, ಕೇಳುವುದು ಟಾಕ್. ಇಶ್ (ನಾನು) ಪದದ ಕೊನೆಯ ಸದ್ದನ್ನು ಕನ್ನಡದಲ್ಲಿ ಶ್ ಎಂದು ಬರೆಯುವುದೇ ಒಂದು ರಾಜಿ. ನಿಜಕ್ಕೂ ಅದು ಯ ಹೇಳುವ ಜಾಗದಿಂದ ಬರಿಯ ಉಸಿರು ಬಿಟ್ಟಂತೆ. ನೊಖ್ (ಇನ್ನೂ) ಪದದ ಖ್ ಉರ್ದು, ಅರೆಬಿಕ್ ಗೊತ್ತಿದ್ದವರಿಗೆ ತಕ್ಷಣ ಬರುತ್ತದೆ.

ಇನ್ನು ವಾಕ್ಯ. ರೈಲಿನಲ್ಲಿ ‘ಜ಼ೀ ಶ್ಟೈಗೆನ್ ಇನ್ ಮನ್‌ಹೈಮ್’ (ನೀವು ಮನ್‌ಹೈಮ್ ಊರಿನಲ್ಲಿ...) ಎಂಬಲ್ಲಿಗೆ ಏನೂ ಇತ್ಯರ್ಥವಾಗಿಲ್ಲ, ಶ್ಟೈಗೆನ್ ಕ್ರಿಯಾಪದದ ಅರ್ಧ ಮಾತ್ರ. ಕೊನೆಗೆ ಔಸ್ ಬಂದರೆ ಅಲ್ಲಿ ಇಳಿಯಬೇಕು, ಉಮ್ ಬಂದರೆ ರೈಲು ಬದಲಿಸಬೇಕು, ಐನ್ ಬಂದರೆ ಹತ್ತಬೇಕು. ಇಂಗ್ಲಿಷ್ ಲೆಕ್ಕದಲ್ಲಿ ಕೇಳುವವರು ಕ್ರಿಯಾಪದ ಸಿಕ್ಕಿತು ಎಂದು ನಡುವೆಯೇ ಕಿವಿ ಮುಚ್ಚುತ್ತಾರೆ. ಕನ್ನಡದವರು ಬರುತ್ತಾರೋ ಬರುವುದಿಲ್ಲವೋ ಗೊತ್ತಾಗಲು ಹೇಗೂ ಕೊನೆಯವರೆಗೆ ಕಾಯುವವರು, ಆ ತಾಳ್ಮೆಯನ್ನೇ ಇಲ್ಲಿ ಬಳಸಿ. ಚಳಿಯಾದರೂ ಹಾಗೆಯೇ. ‘ನನಗೆ ಚಳಿ’ ಎನ್ನುವಂತೆ ‘ಮಿಅ ಇಸ್ಟ್ ಕಲ್ಟ್’. ಇಂಗ್ಲಿಷಿನಿಂದ ತಿರುಗಿಸಿ ‘ಇಶ್ ಬಿನ್ ಕಲ್ಟ್’ ಎಂದರೆ ನಾನು ತಣ್ಣಗಿನ ಮನುಷ್ಯ ಎಂದಾಗುತ್ತದೆ. ವಾಂತಿ ಬರುವ ಹಾಗಿದ್ದರೆ ‘ಮಿಅ ಇಸ್ಟ್ ಶ್ಲೆಶ್ಟ್’. ‘ಇಶ್ ಬಿನ್ ಶ್ಲೆಶ್ಟ್’ ಎಂದರೆ ನಾನು ಕೆಟ್ಟವನು! ಆಸ್ಪತ್ರೆಗೆ ಹೋಗುವವರು ಇದನ್ನು ಮೊದಲ ವಾರವೇ ಗಟ್ಟಿ ಮಾಡಬೇಕು.

ಹಾಗಾದರೆ ಹೇಗೆ ಕೇಳುವುದು? ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲೆಯ ‘ಡಾಯ್ಚ್ – ವರೂಮ್ ನಿಶ್ಟ್?’ (ಜರ್ಮನ್ – ಯಾಕಾಗಬಾರದು?) ಹಳೆಯದಾದರೂ ಕಿವಿಗೆಂದೇ ಮಾಡಿದ ಪಾಠ. ಉಚಿತ. ನಾಲ್ಕು ಸರಣಿ, ಒಂದೊಂದರಲ್ಲಿ 26 ಪಾಠ. ಮೊದಲ ದಿನ ಪಠ್ಯ ತೆರೆಯದೆ ಒಂದು ಪಾಠವನ್ನು ಎರಡು ಸಲ ಪೂರ್ತಿ ಕೇಳಿ. ಮರುದಿನ ಪ್ರತಿ ವಾಕ್ಯಕ್ಕೆ ನಿಲ್ಲಿಸಿ ಗಟ್ಟಿಯಾಗಿ ಹೇಳಿ, ಐದಾರು ವಾಕ್ಯ ಫೋನಿನಲ್ಲೇ ರೆಕಾರ್ಡ್ ಮಾಡಿ ಮೂಲದ ಪಕ್ಕದಲ್ಲಿಟ್ಟು ಕೇಳಿ. ಮೂರನೆಯ ದಿನ ಪಠ್ಯ ನೋಡಿ, ಕೇಳಿದ್ದಕ್ಕೂ ಬರೆದದ್ದಕ್ಕೂ ಎಲ್ಲಿ ಹೊಂದಲಿಲ್ಲವೋ ಅಲ್ಲಿ ಗೆರೆ ಎಳೆಯಿರಿ. ಒಂದು ವಾರ ಬಿಟ್ಟು ಅದೇ ಪಾಠ ಮತ್ತೊಮ್ಮೆ. ಅರ್ಥವಾಗಲಿಲ್ಲವೆಂದು ವೇಗವನ್ನು 0.75ಕ್ಕೆ ಇಳಿಸಬೇಡಿ. ಹ್ರಸ್ವವೆಲ್ಲ ಎಳೆದು ದೀರ್ಘದಂತೆ ಕೇಳುತ್ತದೆ, ಒಫೆನ್ ಹೋಗಿ ಓಫೆನ್ ಆಗುತ್ತದೆ. ಮಾಮೂಲು ವೇಗದಲ್ಲೇ ಇಟ್ಟು ವಾಕ್ಯದ ನಡುವೆ ನಿಲ್ಲಿಸಿ.

ಬಸ್ಸಿನಲ್ಲಿ ಕೇಳುವವರಿಗೆ ಒಂದು ಮಾತು. ಸ್ಟೇಟ್‌ಬ್ಯಾಂಕಿನಿಂದ ಉಡುಪಿ ಎಕ್ಸ್‌ಪ್ರೆಸ್ ಹತ್ತಿ, ಹಾರ್ನ್ ಮತ್ತು ಚಿತ್ರಗೀತೆಯ ನಡುವೆ ಹೊಸ ಪಾಠ ಹಾಕಿದರೆ ಪಡುಬಿದ್ರಿ ಬರುವಷ್ಟರಲ್ಲಿ ಮೂರು ಪಾಠ ಮುಗಿದಿರುತ್ತದೆ, ಬಾಯಿಗೆ ಒಂದೂ ಬಂದಿರುವುದಿಲ್ಲ ಮಾರಾಯ್ರೆ. ಬಸ್ಸಿಗೆ ಹಳೆಯ ಪಾಠ, ಮನೆಗೆ ಹೊಸ ಪಾಠ.

ಪಾಠಗಳ ಇನ್ನೊಂದು ಕೊರತೆ, ನಮಗೆ ಬೇಕಾದ್ದನ್ನು ಕೇಳಿ ಪಡೆಯುವುದನ್ನು ಕಲಿಸುತ್ತವೆ, ಎದುರಿನವರು ತಿರುಗಿ ಹಾಕುವ ಪ್ರಶ್ನೆಗಳನ್ನು ಅಷ್ಟಾಗಿ ಕಲಿಸುವುದಿಲ್ಲ. ಬ್ರೆಡ್ ಕೊಡಿ ಎನ್ನಲು ಎಲ್ಲರಿಗೂ ಬರುತ್ತದೆ. ಆಮೇಲೆ ಕೌಂಟರಿನಿಂದ ಪಟಪಟ ಬರುವ ಪ್ರಶ್ನೆಗಳಿಗೆ ಬಾಯಿ ಕಟ್ಟುತ್ತದೆ: ‘ಜ಼ೊನ್ಸ್ಟ್ ನೊಖ್ ಎಟ್ವಸ್?’ (ಇನ್ನೇನಾದರೂ?), ‘ಟ್ಸುಮ್ ಮಿಟ್‌ನೇಮೆನ್?’ (ಕಟ್ಟಿಕೊಡಬೇಕಾ?), ‘ಟ್ಸುಜ಼ಮೆನ್ ಓಡ ಗೆಟ್ರೆಂಟ್?’ (ಬಿಲ್ ಒಟ್ಟಿಗೋ, ಬೇರೆ ಬೇರೆಯೋ?), ‘ಮಿಟ್ ಕರ್ಟೆ ಓಡ ಬಾರ್?’ (ಕಾರ್ಡೋ, ನಗದೋ?). ಈ ನಾಲ್ಕನ್ನು ಕೇಳಿ ಗುರುತಿಸಲು ಕಲಿಯಿರಿ, ಉತ್ತರ ಒಂದೆರಡು ಪದ ಸಾಕು. ತಿಳಿಯದಿದ್ದರೆ ‘ನೊಖ್ ಮಾಲ್, ಬಿಟೆ’, ಇನ್ನೊಮ್ಮೆ ಹೇಳಿ ಎಂದರ್ಥ. ತಲೆ ಆಡಿಸುತ್ತಾ ‘ಯಾ, ಯಾ’ ಎನ್ನುವುದಕ್ಕಿಂತ ಎಷ್ಟೋ ಮೇಲು.

ಸಂಖ್ಯೆಗಳಿಗೆ ಮಾತ್ರ ಪೆನ್ನು ಹಿಡಿದೇ ಕೂರಬೇಕು. 47 ಅನ್ನು ಅವರು ಏಳು ಮತ್ತು ನಲವತ್ತು ಎಂಬ ಕ್ರಮದಲ್ಲಿ ಹೇಳುತ್ತಾರೆ, ಫೋನ್ ನಂಬರನ್ನು ಹೀಗೆ ಜೋಡಿ ಜೋಡಿಯಾಗಿ ಹೇಳಿದರೆ ನಮ್ಮ ಕೈ 74 ಬರೆದಿರುತ್ತದೆ. ಎಡಕ್ಕೆ ಒಂದು ಅಂಕೆಯ ಜಾಗ ಬಿಟ್ಟು ಮೊದಲು 7 ಬರೆಯಿರಿ, ಆಮೇಲೆ 4. ‘ಹಲ್ಪ್ ಡ್ರೈ’ ಎಂದರೆ ಎರಡೂವರೆ. ಡ್ರೈ ಮೂರು, ಹಲ್ಪ್ ಅರ್ಧ ಎಂದು ಕೂಡಿಸಿ ಮೂರೂವರೆಗೆ ಹೋದರೆ ಒಂದು ಗಂಟೆ ತಡ.

ನಾಮಪದದ ಮುಂಚೆ ಬಂದು ಅದರ ಲಿಂಗ ತೋರಿಸುವ ಡೇಅ, ಡೀ, ಡಸ್ ಪದಗಳ ಕೋಷ್ಟಕವನ್ನು ಮೊದಲ ದಿನವೇ ಬಾಯಿಪಾಠ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಆಡಿಯೋ ಒಂದರಿಂದಲೇ ಅದು ಬರುವುದೂ ಇಲ್ಲ, ಏಕೆಂದರೆ ಲಿಂಗದ ಸುಳಿವು ಕೊಡುವ ‘ಐನೆನ್’ (ಒಂದು) ಮಾತಿನಲ್ಲಿ ನುಂಗಿಹೋಗಿ ಬರಿಯ ‘ನೆನ್’ ಎಂದು ಕೇಳುತ್ತದೆ. ಮೂರನೆಯ ದಿನ ಪಠ್ಯ ನೋಡುವಾಗ ಪ್ರತಿ ನಾಮಪದವನ್ನೂ ಅದರ ಲಿಂಗದ ಜೊತೆಗೇ ಪುಸ್ತಕದಲ್ಲಿ ಬರೆದುಕೊಳ್ಳಿ.

ಜರ್ಮನ್ ಭಾಷಾ ಪರೀಕ್ಷೆ ನಡೆಸುವ ಗೋಯ್ಟೆ ಸಂಸ್ಥೆಯ ಎ1 ಪರೀಕ್ಷೆಗೆ ಕೂರುವವರು ಗಮನಿಸಿ: ಕೇಳುವ ಭಾಗ ಸುಮಾರು 20 ನಿಮಿಷ. ಅದರ ಮೂರು ವಿಭಾಗಗಳಲ್ಲಿ ಒಂದನೆಯದು, ಮೂರನೆಯದು ಎರಡೆರಡು ಸಲ ಕೇಳಿಸುತ್ತದೆ. ನಡುವಿನದು, ಅಂದರೆ ಪ್ರಕಟಣೆಗಳದ್ದು, ಒಂದೇ ಸಲ. ಕೊನೆಯ ಕೆಲವು ವಾರ ಇಯರ್‌ಫೋನ್ ತೆಗೆದಿಟ್ಟು, ಫ್ಯಾನ್ ತಿರುಗುವ ಕೋಣೆಯಲ್ಲಿ ಫೋನಿನ ಸ್ಪೀಕರಿನಲ್ಲೇ ಕೇಳಿ. ಪ್ರಕಟಣೆಗಳನ್ನು ಹಿಂದಕ್ಕೆ ಓಡಿಸಬೇಡಿ.