ರನ್ನರ್ ಬೀನ್ಸ್ ಬೀಜ ಆರಿಸಲು ಅವರೆಯ ಲೆಕ್ಕ ಸಾಲದು

ಇಂಗ್ಲೆಂಡಿನಲ್ಲಿ ಕೈತೋಟ ಮಾಡುವ ಇಬ್ಬರು, ಎಳೆಗಾಯಿಗಾಗಿ ಬೆಳೆಯುವ ರನ್ನರ್ ಬೀನ್ಸ್ ಎಂಬ ಬಳ್ಳಿಯ ತಳಿಗಳ ಮಾತು ತೆಗೆದರೆ ಮೊದಲು ಏಳುವ ಪ್ರಶ್ನೆ ನಾರಿನದು, ಎರಡನೆಯದು ಕಾಯಿಯ ಉದ್ದದ್ದು. ನಮ್ಮ ಕಡೆ ಅವರೆ ಬೀಜ ಆರಿಸುವಾಗ ಸೊಗಡು ಇದೆಯೇ, ಯಾವ ತಿಂಗಳಿಗೆ ಕಾಯಿ ಬರುತ್ತದೆ ಎಂದು ಕೇಳುತ್ತಿದ್ದರು. ಹಿತ್ತಲ ಚಪ್ಪರದಲ್ಲಿ ಚೆನ್ನಾಗಿ ಫಸಲು ಕೊಟ್ಟ ಬಳ್ಳಿಯ ನಾಲ್ಕಾರು ಗೊಂಚಲನ್ನು ಬೀಜಕ್ಕೆಂದು ಬಿಟ್ಟು, ಒಣಗಿದ ಮೇಲೆ ಬಿಡಿಸಿ, ಬೂದಿ ಬೆರೆಸಿ ಡಬ್ಬಿಗೆ ತುಂಬಿಟ್ಟರೆ ಮರುವರ್ಷವೂ ಅದೇ ಬಳ್ಳಿ, ಅದೇ ಕಾಯಿ. ಆ ಅಭ್ಯಾಸವನ್ನೇ ಇಲ್ಲಿಗೂ ಹೊತ್ತು ತಂದ ನಾನು ಕೆಲವು ವರ್ಷ ತಪ್ಪು ಲೆಕ್ಕದಲ್ಲೇ ಬೀಜ ಊರಿದೆ. ರನ್ನರ್ ಬೀನ್ಸ್ ವಿಷಯದಲ್ಲಿ ಹೂವು ಹೇಗೆ ಕಾಯಿ ಕಚ್ಚುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡು ತಳಿ ಆರಿಸಬೇಕು, ನಾರು ಮತ್ತು ಉದ್ದದ ವಿಚಾರ ಆಮೇಲಿನದು ಎಂಬುದು ಈಗ ನನ್ನ ಖಚಿತವಾದ ಅಭಿಪ್ರಾಯ.

ಈ ಬಳ್ಳಿ ಮೂಲತಃ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ತಂಪು ಬೆಟ್ಟಪ್ರದೇಶದ್ದು. 17ನೇ ಶತಮಾನದಲ್ಲಿ ಬ್ರಿಟನ್ನಿಗೆ ಬಂದಾಗ ಜನ ಇದನ್ನು ತರಕಾರಿಯಾಗಿ ಕಾಣಲಿಲ್ಲ. ಕೆಂಪು ಹೂವಿಗಾಗಿ ಬೆಳೆಸಿದರು. ನಮ್ಮ ಹುರುಳಿಕಾಯಿಗೂ ಇದಕ್ಕೂ ಹತ್ತಿರದ ನಂಟಿದ್ದರೂ ನಡತೆ ಬೇರೆ. ಹುರುಳಿಕಾಯಿ ಬೀಜ ಮೊಳೆಯುವಾಗ ಬೇಳೆಗಳೆರಡೂ ಮಣ್ಣನ್ನು ಎತ್ತಿಕೊಂಡು ಮೇಲೆ ಬರುತ್ತವೆ. ರನ್ನರ್ ಬೀನ್ಸ್‌ನಲ್ಲಿ ಬೇಳೆ ಮಣ್ಣೊಳಗೇ ಉಳಿದು ಕುಡಿ ಮಾತ್ರ ಏಳುತ್ತದೆ. ಅದರ ಬೇರು ಗಡ್ಡೆಗಟ್ಟುತ್ತದೆ, ಹಿಮ ಬೀಳದ ಕಡೆ ಬಳ್ಳಿ ಹಲವು ವರ್ಷ ಬದುಕುತ್ತದೆ. ಬೆಟ್ಟದ ತಂಪು ಇದರ ಹುಟ್ಟುಗುಣ. ಬೇಸಿಗೆಯ ಬಿಸಿ ಏರಿದಾಗ ಅದು ಮುನಿಸಿಕೊಳ್ಳುವುದಕ್ಕೂ ಇದೇ ಕಾರಣ.

ಜುಲೈ ತಿಂಗಳ ಒಂದು ಬೆಳಿಗ್ಗೆ ಹೂಗೊಂಚಲಿನ ಮುಂದೆ ಹತ್ತು ನಿಮಿಷ ಸುಮ್ಮನೆ ನಿಂತರೆ ಈ ಗಿಡದ ಕಷ್ಟವೆಲ್ಲ ಅರ್ಥವಾಗುತ್ತದೆ. ದಪ್ಪ ದುಂಬಿಯೊಂದು ಬಂದು ಹೂವಿನ ಪಕ್ಕದ ದಳದ ಮೇಲೆ ಭಾರ ಬಿಟ್ಟು ಕೂರುತ್ತದೆ. ಆ ಭಾರಕ್ಕೆ, ಒಳಗೆ ಸುರುಳಿಯಾಗಿ ಮಡಿಸಿಕೊಂಡಿದ್ದ ಶಲಾಕೆ (ಪರಾಗ ಹಿಡಿಯುವ ಹೆಣ್ಣುಭಾಗದ ಎಳೆ) ಹೊರಕ್ಕೆ ಚಾಚಿ ದುಂಬಿಯ ಮೈಗೆ ಉಜ್ಜಿ ಮತ್ತೆ ಒಳಸೇರುತ್ತದೆ. ಈ ಒಂದು ಉಜ್ಜುವಿಕೆ ಆಗದಿದ್ದರೆ ಹೂವು ಸಾಮಾನ್ಯವಾಗಿ ಕಾಯಿ ಕಚ್ಚದೆ ಉದುರಿಹೋಗುತ್ತದೆ. ಗಿಡ್ಡ ನಾಲಿಗೆಯ ದುಂಬಿಗಳು ಮಾತ್ರ ಹೂವಿನ ಬುಡದಲ್ಲಿ ತೂತು ಕೊರೆದು ಮಕರಂದವನ್ನಷ್ಟೇ ಹೀರಿ ಹೊರಟುಬಿಡುತ್ತವೆ. ಉದುರಿದ ಹೂವನ್ನು ಎತ್ತಿ ತಿರುಗಿಸಿ ನೋಡಿದರೆ ಬುಡದಲ್ಲಿ ಸೂಜಿಮೊನೆ ಚುಚ್ಚಿದಂಥ ಕಂದು ಅಂಚಿನ ರಂಧ್ರ ಕಾಣುತ್ತದೆ. ಅವರೆಗೆ ಈ ತೊಂದರೆ ಇಲ್ಲ. ಅದರಲ್ಲಿ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶವೇ ನಡೆಯುವುದರಿಂದ ದುಂಬಿ ಬಂದರೂ ಬಾರದಿದ್ದರೂ ಚಪ್ಪರ ತುಂಬುತ್ತದೆ.

ಹಾಗಾಗಿ ತೋಟದಲ್ಲಿ ಗಾಳಿ ಹೆಚ್ಚೇ, ಸುತ್ತಲೂ ದುಂಬಿ ಬರುವ ಹೂಗಿಡಗಳಿವೆಯೇ, ಬೇಸಿಗೆಯಲ್ಲಿ ನೀರು ಸಾಕಷ್ಟು ಸಿಗುತ್ತದೆಯೇ ಎಂಬುದೇ ತಳಿಯನ್ನು ನಿರ್ಧರಿಸಬೇಕು. 2022ರ ಜುಲೈ 19ರಂದು ಲಿಂಕನ್‌ಶೈರಿನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಉಷ್ಣಾಂಶ ದಾಖಲಾದ ಆ ಬೇಸಿಗೆಯಲ್ಲಿ ನನ್ನ ‘ಸ್ಕಾರ್ಲೆಟ್ ಎಂಪರರ್’ ಬಳ್ಳಿಗಳು ಮೈತುಂಬ ಕೆಂಪು ಹೂ ಹೊತ್ತು, ಎರಡು ವಾರ ಒಂದೂ ಕಾಯಿ ಕೊಡದೆ ನೆಲವನ್ನು ಕೆಂಪಾಗಿಸಿದವು. ಬಿಳಿ ಹೂವಿನ ‘ವೈಟ್ ಲೇಡಿ’ ಸೆಖೆಯಲ್ಲೂ ಕಾಯಿ ಕಚ್ಚುತ್ತದೆಂದು ಇಲ್ಲಿನ ಅನುಭವಸ್ಥರು ಹೇಳುವುದನ್ನು ಆ ವರ್ಷ ಪಕ್ಕದ ಪಾತಿಯಲ್ಲಿ ಕಣ್ಣಾರೆ ಕಂಡೆ. ಇದಕ್ಕಿಂತ ಮುಂದಿನ ಹೆಜ್ಜೆ ‘ಮೂನ್‌ಲೈಟ್’ ತಳಿಯದು. ರನ್ನರ್ ಬೀನ್ಸ್ ಮತ್ತು ಹುರುಳಿಕಾಯಿಯನ್ನು ಕೂಡಿಸಿ ಬೆಳೆಸಿದ ಈ ತಳಿಗೆ ಹುರುಳಿಕಾಯಿಯಂತೆ ತಾನೇ ಕಾಯಿ ಕಚ್ಚುವ ಗುಣ ಬಂದಿದೆ. ಕೆಂಪು ಹೂವೇ ಬೇಕೆನ್ನುವವರಿಗೆ ಅದೇ ಗುಣದ ‘ಫೈರ್‌ಸ್ಟಾರ್ಮ್’ ಇದೆ.

ಇದನ್ನು ನೋಡಿದಾಗ ನನಗೆ ನೆನಪಾಗುವುದು ಹೆಬ್ಬಾಳ ಅವರೆ. ಹಗಲು ಕಿರಿದಾದಾಗ ಮಾತ್ರ ಹೂ ಬಿಡುತ್ತಿದ್ದ ನಾಡ ಅವರೆಯ ಕಟ್ಟುಪಾಡನ್ನು ಸಡಿಲಿಸಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಬೇರೆ ಕಾಲದಲ್ಲೂ ಕಾಯಿ ಬಿಡುವ ಗಿಡ್ಡ ತಳಿಗಳನ್ನು ಕೊಟ್ಟಿತು. ಅನುಕೂಲ ದೊಡ್ಡದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಮಾಗಿಯ ಇಬ್ಬನಿಯಲ್ಲಿ ಬೆಳೆದ ಅವರೆಯ ಸೊಗಡನ್ನು ಹುಡುಕಿಕೊಂಡು ಹೋಗುವವರು ಇದ್ದೇ ಇದ್ದಾರೆ. ಹಾಗೆಯೇ ಇಲ್ಲಿಯೂ ಹಳೆಯ ಕೆಂಪು ಹೂವಿನ ತಳಿಗಳ ಕಾಯಿಗೆ ಒಂದು ಒರಟು ರುಚಿ ಇದೆ, ಹುರುಳಿಕಾಯಿಯ ನಯ ಬಂದ ಹೊಸ ತಳಿಗಳಲ್ಲಿ ಅದು ನನಗೆ ಸಿಕ್ಕಿಲ್ಲ. ಹೊಸದನ್ನು ಭದ್ರತೆಗೆಂದು ಅರ್ಧ ಪಾತಿಯಲ್ಲಿ ಹಾಕಿ, ಉಳಿದರ್ಧದಲ್ಲಿ ಹಳೆಯದನ್ನು ಉಳಿಸಿಕೊಳ್ಳುವುದು ಒಳ್ಳೆಯದು.

ನನ್ನ ಅವರೆ ಲೆಕ್ಕ ಪೂರ್ತಿ ಸೋತದ್ದು ಬೀಜ ಕಾಯ್ದಿಡುವ ವಿಷಯದಲ್ಲಿ. ಕೆಂಪು-ಬಿಳಿ ಎರಡು ಬಣ್ಣದ ಹೂ ಬಿಡುವ ‘ಪೇಂಟೆಡ್ ಲೇಡಿ’ ಎಂಬ ಹಳೆಯ ತಳಿಯನ್ನು ಮೋಹಪಟ್ಟು ಬೆಳೆಸಿ, ಊರಿನ ಪದ್ಧತಿಯಂತೆ ಬೀಜ ಎತ್ತಿಟ್ಟೆ. ಬೀಜ ನೋಡಲು ಹಿಂದಿನಂತೆಯೇ ಇತ್ತು. ಮೂರನೆಯ ವರ್ಷ ಒಂಬತ್ತು ಬಳ್ಳಿಗಳಲ್ಲಿ ನಾಲ್ಕು ಅಚ್ಚಕೆಂಪು ಹೂ ಬಿಟ್ಟವು. ದುಂಬಿಗಳು ಅಕ್ಕಪಕ್ಕದ ಪಾತಿಗಳ ಪರಾಗವನ್ನು ತಂದು ಬೆರೆಸಿದ್ದವು. ಬೀಜದ ಮೇಲಿನ ಸಿಪ್ಪೆ ತಾಯಿಬಳ್ಳಿಯದೇ ಆದ್ದರಿಂದ ಬೆರಕೆಯಾದ ವರ್ಷ ಕಣ್ಣಿಗೆ ಏನೂ ಕಾಣುವುದಿಲ್ಲ, ಮುಂದಿನ ಬೆಳೆಯ ಹೂವಿನಲ್ಲಿ ಮಾತ್ರ ಬಯಲಾಗುತ್ತದೆ. ಹತ್ತು ಮನೆಯವರು ಸಾಲಾಗಿ ಪಾತಿ ಮಾಡುವ ಇಲ್ಲಿನ ತೋಟಗಳಲ್ಲಿ ನನ್ನ ತಳಿ ನನ್ನೊಬ್ಬನ ಆಯ್ಕೆಯಾಗಿ ಉಳಿಯುವುದಿಲ್ಲ. ಬೀಜ ಕಾಯ್ದಿಡುವ ಆಸೆಯುಳ್ಳವರು ನೆರೆಯವರೊಂದಿಗೆ ಮಾತಾಡಿ ಎಲ್ಲರೂ ಒಂದೇ ತಳಿ ಹಾಕಬೇಕು, ಇಲ್ಲವೇ ಬೆರಕೆಯನ್ನು ತಟ್ಟನೆ ತೋರಿಸಿಕೊಡುವ ತಳಿಯನ್ನು ಆರಿಸಬೇಕು.

ಅಂಥ ತಳಿ ‘ಝಾರ್’. ಹೂವೂ ಬಿಳಿ, ಬೀಜವೂ ಬಿಳಿ. ಅದರ ಬೀಜದಿಂದ ಎದ್ದ ಬಳ್ಳಿಯಲ್ಲಿ ಕೆಂಪು ಹೂ ಕಂಡ ದಿನವೇ ಬೆರಕೆಯೆಂದು ತಿಳಿದು ಕಿತ್ತುಹಾಕಬಹುದು. ಕಾಳು ತಿನ್ನುವ ಅಭ್ಯಾಸದಲ್ಲಿ ಬೆಳೆದ ನಮ್ಮಂಥವರಿಗೆ ಇದು ಎರಡು ಬೆಳೆಗೆ ಸಮ: ಎಳೆಗಾಯಿಯನ್ನು ಪಲ್ಯಕ್ಕೆ ಕೊಯ್ದು, ಕೊನೆಯ ಗೊಂಚಲುಗಳನ್ನು ಬಲಿಯಲು ಬಿಟ್ಟರೆ ಅವರೆಕಾಳಿಗಿಂತ ದೊಡ್ಡದಾದ ಬೆಣ್ಣೆಬಣ್ಣದ ಕಾಳು ಸಿಗುತ್ತದೆ. ಒಣಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತನೆ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಲೇಬೇಕು. ಹಸಿ ಅಥವಾ ಅರೆಬೆಂದ ಕಾಳಿನಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಉಳಿದಿರುತ್ತದೆ.

ನಾರಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ‘ಪೋಲ್‌ಸ್ಟಾರ್’, ‘ಡಿಸೈರೇ’ಯಂಥ ನಾರಿಲ್ಲದ ತಳಿಗಳು ವಾರಕ್ಕೊಮ್ಮೆ ಮಾತ್ರ ತೋಟಕ್ಕೆ ಹೋಗಬಲ್ಲವರಿಗೆ ನಿಜವಾದ ಉಪಕಾರ. ಎರಡು ಮೂರು ದಿನಕ್ಕೊಮ್ಮೆ, ಕಾಯಿ ಒಂದು ಗೇಣು ತುಂಬುವ ಮೊದಲೇ ಕೊಯ್ಯುವವರಿಗೆ ಯಾವ ತಳಿಯ ನಾರೂ ಕಾಡುವುದಿಲ್ಲ. ಪ್ರದರ್ಶನದ ಮೇಜಿಗೆಂದೇ ಬೆಳೆಸುವ ‘ಸ್ಟೆನರ್’ ತಳಿಯ ನೀಳ, ನೆಟ್ಟನೆಯ ಕಾಯಿ ನೋಡಲು ಚೆಂದ, ಅಡುಗೆಮನೆಗೆ ಆ ಉದ್ದದ ಅಗತ್ಯವಿಲ್ಲ. ಕುಂಡದಲ್ಲಿ ಬೆಳೆಯುವವರಿಗೆ ಮೊಳದೆತ್ತರದ ‘ಹೆಸ್ಟಿಯಾ’ ಒಪ್ಪುತ್ತದೆ. ನೆಲದಲ್ಲಿ ಹಾಕಿದರೆ ಕಾಯಿ ಮಣ್ಣಿಗೆ ತಾಗಿ ಗೊಂಡೆಹುಳುವಿನ ಪಾಲಾಗುತ್ತದೆ.

ಈ ವರ್ಷ ಮೇ ಮಧ್ಯದಲ್ಲಿ, ಮಣ್ಣು 12 ಡಿಗ್ರಿ ದಾಟಿದ ಮೇಲೆ, ಎಂಟಡಿಯ ಹನ್ನೆರಡು ಕೋಲು ನೆಟ್ಟು ಆರಕ್ಕೆ ‘ಝಾರ್’, ನಾಲ್ಕಕ್ಕೆ ‘ಮೂನ್‌ಲೈಟ್’, ಎರಡಕ್ಕೆ ‘ಸ್ಕಾರ್ಲೆಟ್ ಎಂಪರರ್’ ಹಬ್ಬಿಸಿದ್ದೇನೆ. ದುಂಬಿಗಳಿಗೆಂದು ಕೋಲುಗಳ ಬುಡದಲ್ಲಿ ಹೂಗಿಡ ಹಾಕಿ, ಮೊಗ್ಗು ಕಂಡ ದಿನದಿಂದ ಬೇರಿನವರೆಗೆ ಇಳಿಯುವಂತೆ ನೀರು ಕೊಡುತ್ತಿದ್ದೇನೆ. ಝಾರ್ ಸಾಲಿನ ಮೂರನೆಯ ಕೋಲಿನ ಬಳ್ಳಿಯಲ್ಲಿ ನಿನ್ನೆ ಒಂದು ಕೆಂಪು ಮೊಗ್ಗು ಕಂಡಿತು. ಬುಡದಲ್ಲೇ ಕತ್ತರಿಸಿ ತೆಗೆದೆ. ಉಳಿದ ಐದರಲ್ಲಿ ಬೀಜಕ್ಕೆ ಬಿಡುವ ಗೊಂಚಲುಗಳಿಗೆ ಬಿಳಿ ದಾರ ಕಟ್ಟಿಡುತ್ತಿದ್ದೇನೆ.