ಗೌರವ ಕೊಟ್ಟಾಗಿದೆ, ಇಲ್ಲಿ ಹೆಬ್ಬೆಟ್ಟು ಒತ್ತಿ

ಮುಂಬೈಯ ಒಂದು ಆಸ್ಪತ್ರೆಯವರು ನಮ್ಮ ಕನ್ನಡ ಸಂಘಕ್ಕೆ ಫೋನ್ ಮಾಡಿದ್ದರು. ಹೆರಿಗೆ ವಾರ್ಡಿಗೆ ಪೋಸ್ಟರ್ ಬೇಕಂತೆ. ಮರಾಠಿ, ಹಿಂದಿಯಲ್ಲಿ ಆಗಿದೆ, ಕನ್ನಡದಲ್ಲೂ ಒಂದಿರಲಿ ಅಂದರು. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಹೆಣ್ಣುಮಕ್ಕಳು ಅಲ್ಲಿಗೆ ಜಾಸ್ತಿ ಹೋಗುತ್ತಾರೆ. "ಇಲ್ಲಿ ನಿಮ್ಮನ್ನು ಗೌರವದಿಂದ ನೋಡಿಕೊಳ್ಳುತ್ತೇವೆ" ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆವು. ಗುಲಾಬಿ ಬಣ್ಣ, ಅಂಚಿಗೆ ತಾವರೆ. ಅವರಲ್ಲಿ ಎಷ್ಟು ಜನಕ್ಕೆ ಓದು ಬರುತ್ತದೆ ಅಂತ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ವಾರ್ಡಿನಲ್ಲಿ ಕನ್ನಡ ಬಲ್ಲವರು ಯಾರಾದರೂ ಇದ್ದಾರಾ ಎಂದದ್ದಕ್ಕೆ, "ಇಲ್ಲ, ಅದಕ್ಕೇ ತಾನೇ ಪೋಸ್ಟರ್" ಅಂದರು. ನಮಗೆ ಮುಂದೆ ಮಾತೇ ಹೊರಡಲಿಲ್ಲ.

ಗೌರವ ಈಗ ಸರ್ಕಾರದ ಪಟ್ಟಿಯಲ್ಲೇ ಇದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 'ಲಕ್ಷ್ಯ' ಎಂಬ ಯೋಜನೆ ತಂದಿತು. ಹೆರಿಗೆ ಕೋಣೆಗಳು ಸುಧಾರಿಸಬೇಕು, ಬಂದ ಹೆಂಗಸರನ್ನು ಬೈಯಬಾರದು, ಹೊಡೆಯಬಾರದು ಎಂಬುದೂ ಅದರ ಗುರಿಗಳಲ್ಲಿ ಸೇರಿದೆ. ನೋವು ತಿನ್ನುತ್ತಾ ಮಲಗಿದವಳ ತೊಡೆಗೆ ಬಾರಿಸಬಾರದು ಅನ್ನುವುದಕ್ಕೂ ದೆಹಲಿಯಿಂದಲೇ ಕಾಗದ ಬರಬೇಕಾಯಿತು. ಆದರೂ "ಆವಾಗ ಕಿರುಚಲಿಲ್ಲ, ಈಗ ಯಾಕೆ ಕಿರುಚ್ತೀ" ಎಂಬ ಹಳೇ ಮಾತು ವಾರ್ಡುಗಳಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಇದಕ್ಕೆ ಮಾತ್ರ ಕನ್ನಡ ಪೋಸ್ಟರ್ ಬೇಕಿಲ್ಲ. ಯಾವ ಭಾಷೆಯಲ್ಲಿ ಅಂದರೂ ನಮ್ಮ ಯಾದಗಿರಿಯವಳಿಗೆ ತಿಳಿಯುತ್ತದೆ.

ಹೆರಿಗೆ ವೇಳೆ ತನ್ನವರೊಬ್ಬರು ಜೊತೆಗಿರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಕೇಂದ್ರ ಸರ್ಕಾರವೂ 2016ರಲ್ಲೇ ಒಪ್ಪಿದೆ. ಅಕ್ಕನೋ ಅತ್ತೆಯೋ ಪಕ್ಕದಲ್ಲಿ ನಿಂತು ಬೆನ್ನು ತಿಕ್ಕಬಹುದು. ಆದರೆ ಒಳಗೆ ಟೇಬಲ್ಲುಗಳು ಸಾಲಾಗಿವೆ, ನಡುವೆ ಪರದೆ ಇಲ್ಲ. ಒಬ್ಬಳ ಅತ್ತೆಯನ್ನು ಬಿಟ್ಟರೆ ಉಳಿದವರ ಮಾನದ ಗತಿಯೇನು? ಹಾಗಾಗಿ ಹೆಂಗಸರ ಮಾನ ಕಾಯುವ ಸಲುವಾಗಿಯೇ ಅತ್ತೆಯನ್ನು ಹೊರಗೆ ನಿಲ್ಲಿಸಿದ್ದಾರೆ. ಪರದೆ ಹಾಕಿಸಬಹುದಲ್ವಾ ಅಂದಿರಾ? ಅದು ಬೇರೆ ಖಾತೆ. ಪೋಸ್ಟರಿನ ದುಡ್ಡಿನಲ್ಲಿ ಪರದೆ ತರಲು ಬರುವುದಿಲ್ಲ. ಆಡಿಟ್ ಆಗುತ್ತದೆ.

ಒಳಗೆ ಅತ್ತೆಗೆ ಜಾಗವಿಲ್ಲ, ನಿಜ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಮಾತ್ರ ಜಾಗ ಹೇಗೋ ಆಗುತ್ತದೆ.

ಪಾಪ, ಈ ಹುಡುಗಿಯರ ಕಥೆಯನ್ನೂ ಕೇಳಿ. ಬಹಳ ಕಾಲ ನಡೆದುಬಂದ ಬಿ.ಎಸ್‌ಸಿ ನರ್ಸಿಂಗ್ ಸಿಲಬಸ್ಸಿನ ಪ್ರಕಾರ ಪಾಸಾಗಲು 20 ನಾರ್ಮಲ್ ಹೆರಿಗೆ ಮಾಡಿಸಿರಬೇಕಿತ್ತು. ಕೇಸ್‌ಬುಕ್ಕಿನಲ್ಲಿ ಸಹಿ ಬೀಳಬೇಕಿತ್ತು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ 47.4 ಸಿಸೇರಿಯನ್. ಅಲ್ಲಿ ನಾರ್ಮಲ್ ಹೆರಿಗೆಗೆ ಕಾಯುತ್ತಾ ಕೂತರೆ ಕೋರ್ಸೇ ಮುಗಿದೀತು. ಆದ್ದರಿಂದ ಖಾಸಗಿ ಕಾಲೇಜುಗಳ ಬಸ್ಸುಗಳು ಬಡವರ ಆಸ್ಪತ್ರೆಗೆ ಹೊರಡುತ್ತವೆ. ಒಬ್ಬಳು ಹೆರುತ್ತಾಳೆ, ಸುತ್ತ ಒಂದು ತರಗತಿ ನಿಲ್ಲುತ್ತದೆ. ಆರತಿ ತಟ್ಟೆ ಸುತ್ತಿದಂತೆ ಗ್ಲೌಸು ಸುತ್ತುತ್ತದೆ.

ಅದೇ ಸಿಲಬಸ್ಸಿನಲ್ಲಿ ಒಳಪರೀಕ್ಷೆ 5, ಕೂಸು ಹೊರಬರಲು ದಾರಿಯಾಗಲೆಂದು ಕೆಳಗೆ ಕತ್ತರಿಸಿ ಹೊಲಿಯುವುದು 5 ಆಗಬೇಕಿತ್ತು. ಎಲ್ಲ ಹೆಂಗಸರಿಗೂ ರೂಢಿ ಎಂದು ಹಾಗೆ ಕತ್ತರಿ ಹಾಕಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಸರಿ, ಆದರೆ 5 ಹೊಲಿಗೆಯ ಲೆಕ್ಕ ತುಂಬಬೇಕಾದರೆ ಮೊದಲು 5 ಸಲ ಕತ್ತರಿಸಬೇಕು ತಾನೇ! "ನೋಡಲಾ ತಾಯಿ?" ಎಂದು ಎಷ್ಟು ಸಲ ಕೇಳಿದೆ ಎನ್ನುವುದಕ್ಕೆ ಪಟ್ಟಿಯಲ್ಲಿ ಸಂಖ್ಯೆಯಿಲ್ಲ. ಸಂಖ್ಯೆಯಿಲ್ಲದ್ದಕ್ಕೆ ಮಾರ್ಕ್ಸೂ ಇಲ್ಲ.

ಇಷ್ಟು ಕಲಿತು ಹೊರಬಂದವಳ ಹೆಸರಿನ ಮುಂದೆ ನೋಂದಾಯಿತ ನರ್ಸ್, ನೋಂದಾಯಿತ ಮಿಡ್‌ವೈಫ್ (ಅಂದರೆ ಸೂಲಗಿತ್ತಿ) ಎಂದು ಎರಡೆರಡು ಪದವಿ. ಆಮೇಲೆ ಅವಳನ್ನು ಒಯ್ದು ಮೂಳೆ ವಾರ್ಡಿಗೆ ಹಾಕುತ್ತಾರೆ. ಹೆರಿಗೆ ವಾರ್ಡಿನಲ್ಲೇ ಉಳಿದವಳು ಹಲವು ಟೇಬಲ್ಲುಗಳ ನಡುವೆ ಒಬ್ಬಳೇ ಓಡಾಡಬೇಕು. ಅವಳು ರೇಗಿದರೆ ನನಗೆ ಆಶ್ಚರ್ಯವಿಲ್ಲ. ಅವಳಿಗೆ ಗೌರವ ಕೊಡುವ ಪೋಸ್ಟರನ್ನು ಯಾರೂ ಕೇಳಿಲ್ಲವಲ್ಲ.

ಇದೆಲ್ಲ ಸರಿಹೋಗಲೆಂದೇ 2018ರ ಡಿಸೆಂಬರಿನಲ್ಲಿ ಮಿಡ್‌ವೈಫರಿ ಸೇವೆಯ ಮಾರ್ಗಸೂಚಿ ಬಂತು. ನರ್ಸುಗಳಿಗೆ 18 ತಿಂಗಳ ವಿಶೇಷ ತರಬೇತಿ, ತೊಂದರೆಯಿಲ್ಲದ ಹೆರಿಗೆಯ ಹೊಣೆ ಅವರಿಗೇ. ಒಳ್ಳೆಯ ಯೋಚನೆ, ವ್ಯಂಗ್ಯವಲ್ಲ. ಅದೇ ತಿಂಗಳ 25ರಂದು ಪಾವಗಡದ ಸೂಲಗಿತ್ತಿ ನರಸಮ್ಮ ತೀರಿಕೊಂಡರು. ಅದೇ ವರ್ಷ ಅವರಿಗೆ ಪದ್ಮಶ್ರೀ ಬಂದಿತ್ತು. ಸಾವಿರಾರು ಹೆರಿಗೆ ಮಾಡಿಸಿದ ಅಜ್ಜಿ. ಆದರೆ ಕೇಸ್‌ಬುಕ್ ಇಲ್ಲ, ಸಹಿ ಇಲ್ಲ. ಪುಣ್ಯ, ಪದ್ಮಶ್ರೀಗೆ ಇಂಟರ್ನಲ್ ಮಾರ್ಕ್ಸ್ ಕೇಳುವುದಿಲ್ಲ.

'ಲಕ್ಷ್ಯ'ದಲ್ಲಿ ಇನ್ನೊಂದು ಗುರಿಯಿದೆ. ಸೇವೆ ಪಡೆದವರಲ್ಲಿ ಶೇ 80 ಮಂದಿ ತೃಪ್ತರಾಗಿರಬೇಕು. ತೃಪ್ತಿಯನ್ನು ಅಳೆಯಲು ಡಿಸ್ಚಾರ್ಜ್ ದಿನಕ್ಕಿಂತ ಒಳ್ಳೆಯ ದಿನ ಯಾವುದಿದೆ ಹೇಳಿ. ಹೊಲಿಗೆ ಉರಿಯುತ್ತಿರುತ್ತದೆ, ಗಂಡ ಗೇಟಿನ ಹತ್ತಿರ ರಿಕ್ಷಾ ನಿಲ್ಲಿಸಿಕೊಂಡಿರುತ್ತಾನೆ, ಕೂಸು ಸಿಸ್ಟರ್ ಕೈಯಲ್ಲಿರುತ್ತದೆ. ಫಾರಂ ಮರಾಠಿಯಲ್ಲಿ, ಪ್ರಶ್ನೆ ಹಿಂದಿಯಲ್ಲಿ. ನಮ್ಮ ಯಾದಗಿರಿಯವಳಿಗೆ ಗೊತ್ತಾಗಿದ್ದು ಇಷ್ಟೇ: ಹೂಂ ಅಂದರೆ ಮನೆಗೆ ಬಿಡುತ್ತಾರೆ. "ಹೂಂ ರೀ ಅಕ್ಕಾರ" ಅಂದಳು. 'ಬಹಳ ತೃಪ್ತಿ' ಎಂಬಲ್ಲಿ ಟಿಕ್ ಬಿತ್ತು.